ಕೂಳೂರಿನಲ್ಲಿ ವ್ಯಾಪಾರ

ಓಡುವ ಇಂಜಿನ್ನಿನ ಮೇಲೆ ಐದರ ನಾಣ್ಯ ನಿಲ್ಲಿಸಿ
ನಾಡಿ ನೋಡುತ್ತಿದ್ದವ ನಾನು.
ಬಿದ್ದರೆ ಇಪ್ಪತ್ತು ಸಾವಿರ ಕಮ್ಮಿ.

ಇವತ್ತು ಫೆಲ್ಸಿ ಟೀಚರು ತಂದ ಕಾರಿನಲ್ಲಿ
ನಾಣ್ಯ ಬೀಳುವುದೇ ಇಲ್ಲ.
ಅಡಿಗೆ ಬಗ್ಗಿ ನೋಡಿದೆ: ಪಣಂಬೂರಿನ ಉಪ್ಪುಗಾಳಿ
ಬೋಲ್ಟುಗಳನ್ನು ಮಾತ್ರ ನೆಕ್ಕಿತ್ತು.

"ಹದಿನೈದು ಲಕ್ಷ ಕೊಟ್ಟದ್ದು ಹಸನಾಕ, ಮೂರೇ ವರ್ಷ!"
"ಗೊತ್ತುಂಟು. ರಾತ್ರಿಯಿಡೀ ಚಾರ್ಜಿಗೆ ಇಡ್ತಿದ್ರಾ?"
ಅವರು ಕನ್ನಡಕ ಒರೆಸಿಕೊಂಡರು.

ಬ್ಯಾಟರಿಯ ಆರೋಗ್ಯ ಎಂಬತ್ತಮೂರು ಪರ್ಸೆಂಟ್.
"ಡಿಸ್ಟಿಂಕ್ಷನ್ ಅಲ್ವಾ ಅದು?"
"ನಿಮ್ಮ ಮಕ್ಕಳಿಗೆ. ನನ್ನ ಗಿರಾಕಿ
ಉಳಿದ ಹದಿನೇಳನ್ನೇ ಓದ್ತಾನೆ."

ಸೇತುವೆ ದಾಟಿಸಿ, ಕಿವಿ ಕೊಟ್ಟು ಓಡಿಸಿದೆ.
ಕಟಕ್ ಅಂದದ್ದು
ಬ್ರೇಕಿನ ಮೇಲಿದ್ದ ನನ್ನದೇ ಮೊಣಕಾಲು.

ಏಳೂವರೆ ಎಂದೆ.
ಟೀಚರು ಮಾತಾಡಲಿಲ್ಲ. ಚಾರ್ಜರಿನ ವಯರನ್ನು
ಮಲ್ಲಿಗೆ ಚೆಂಡಿನ ಹಾಗೆ ಸುತ್ತಿ ಮಡಿಲಲ್ಲಿಟ್ಟುಕೊಂಡು,
"ಇದಕ್ಕೆ ಬೇರೆ ಎಷ್ಟು?"