ಹಲಗೆ ಮಗುಚುವ ದಿನ

ಮೊದಲ ಸಲ ಕರೆದಾಗಲೇ ಹೇಳಿಬಿಟ್ಟರು:
ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಾಡಿಗೆ ಮನೆ.
ತಿಲಕ್ ನಗರದಲ್ಲಿ ಮಹಡಿ ಮೇಲೆ ಎರಡು ಕೋಣೆ.
ಮೆಗ್ಗಾನ್ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ
ಜಲಜಾಕ್ಷಿ ಸಿಸ್ಟರ್ ಕಣ್ಣುಜ್ಜಿಕೊಂಡು ಬಾಗಿಲು ತೆರೆದರು.
ಪುಸ್ತಕಗಳೆಲ್ಲ ನೆಲದ ಮೇಲೆ,
ಡ್ರಿಪ್ ಬಾಟಲಿ ತುಂಬಿ ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ.

ನಾನು ಓದಿದವನಲ್ಲ. ಏಳನೇ ಕ್ಲಾಸಿಗೆ ಉಳಿ ಹಿಡಿದೆ.
ಪುಸ್ತಕ ಅಂದರೆ ನನಗೆ ಅಳತೆ:
ಎತ್ತರ ಎಂಟೂವರೆ ಇಂಚು, ಅಗಲ ಐದೂವರೆ,
ನಿಘಂಟು ಇದ್ದರೆ ಹನ್ನೊಂದು ಬಿಡಬೇಕು.
ಆಮೇಲೆ ತೂಕ.
ಕಾದಂಬರಿ ಭಾರ, ಪದ್ಯ ಹಗುರ.
ಯಾರೂ ಹೇಳಿಕೊಟ್ಟಿದ್ದಲ್ಲ,
ಹಲಗೆಗೆ ಕಿವಿಯಿಟ್ಟರೆ ಗೊತ್ತಾಗುತ್ತೆ.

ಮೂರಡಿ ಬೇಡ ಸಿಸ್ಟರ್, ಎರಡೂವರೆಗೆ ನಿಲ್ಲಿಸೋಣ,
ನಡುವೆ ಬಾಗುತ್ತೆ, ಅಂದೆ.
ಬಾಗಲಿ ಮೋನಪ್ಪಾಚಾರ್ರೇ, ಮೂರೇ ಇರಲಿ, ಅಂದರು.
ಅರ್ಧ ಅಡಿಗೆ ಎಂಟು ಪುಸ್ತಕ.
ಅದು ಅವರ ಲೆಕ್ಕ.

ಸಾಗುವಾನಿ ಅವರ ಸಂಬಳಕ್ಕೆ ಎಟುಕದು, ಹಲಸು ತಂದೆ.
ಸಾಮಿಲ್ಲಿನಲ್ಲಿ ನಾನೇ ನಿಂತು ಆರಿಸಿದ್ದು, ಗಂಟು ಕಮ್ಮಿ,
ಕೊಯ್ದಾಗ ಅರಿಶಿನದ ಹಾಗೆ ಹಳದಿ,
ಬೆಳಕು ಬಿದ್ದು ಬಿದ್ದು ವರ್ಷಕ್ಕಿಷ್ಟು ಕೆಂಪಾಗುತ್ತೆ.
ಮೊಳೆ ಹೊಡೆಯದೆ ಬೆಣೆಯಲ್ಲೇ ಕೂರಿಸಿದೆ,
ಮನೆ ಬದಲಾಯಿಸಿದರೆ ಬಿಚ್ಚಿ ಒಯ್ಯಲಿ ಅಂತ.

ಎರಡನೆಯದು ಯುಗಾದಿ ಕಳೆದ ಮೇಲೆ.
ಮೂರನೆಯದು ಅರಿಯರ್ಸ್ ಬಂದಾಗ.
ನಾಲ್ಕನೆಯದಕ್ಕೆ ಗೋಡೆಯೇ ಉಳಿದಿರಲಿಲ್ಲ:
ಬಾಗಿಲ ನೆತ್ತಿಗೆ ಒಂದು,
ಮಂಚದ ಕೆಳಗೆ ಚಕ್ರ ಹಚ್ಚಿ ಒಂದು,
ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ಇದ್ದ ಕಡೆ ಇನ್ನೊಂದು.
ಅಕ್ಕಿ ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ.

ದುರ್ಗಿಗುಡಿಯ ಹಳೇ ಪುಸ್ತಕದವನ ಹತ್ತಿರ ಕೇಜಿ ಲೆಕ್ಕದಲ್ಲಿ ಬಂದದ್ದು,
ಹೊಸನಗರದ ಕಡೆ ಮುಚ್ಚಿಹೋದ ಯಾವುದೋ ಲೈಬ್ರರಿಯ ಮೊಹರಿನದು,
ವಾರ್ಡಿನಲ್ಲಿ ಯಾರೋ ದಿಂಬಿನಡಿ ಬಿಟ್ಟುಹೋದದ್ದು.
ಅದರೊಳಗೆ ಇನ್ನೂ ಆ ಮನುಷ್ಯನ ಜ್ವರದ ಚಾರ್ಟು,
ನೂರಾಮೂರಕ್ಕೇರಿ ಇಳಿದ ಗೆರೆ.
ಮನೆಯೊಡತಿ ಕೆಳಗಿಂದ ಕೂಗುತ್ತಾರೆ,
ಸ್ಲ್ಯಾಬು ಕುಸಿದರೆ ಯಾರಮ್ಮಾ ಹೊಣೆ?
ಸಿಸ್ಟರ್ ನನ್ನ ಮುಖ ನೋಡಿದರು.
ನಾನು ಇಂಜಿನಿಯರ್ ಥರ ಮೇಲೆ ಕೆಳಗೆ ನೋಡಿ
ಕುಸಿಯಲ್ಲ, ಅಂದೆ.

ಮೊನ್ನೆ ಫೋನು. ಮೊದಲನೇ ಕಪಾಟು ಬಾಗಿದೆಯಂತೆ.
ಹನ್ನೊಂದು ವರ್ಷವಾಯಿತಲ್ಲ.
ನಾನು ಅವತ್ತೇ ಹೇಳಿದ್ದೆ, ಅಂತ ಬಾಯಿಗೆ ಬಂತು, ನುಂಗಿದೆ.
ಇದಕ್ಕೆ ಹೊಸ ಮರ ಬೇಡ,
ಹಲಗೆ ಮಗುಚಿ ಹಾಕಿದರಾಯಿತು.
ತಗ್ಗಾಗಿದ್ದು ಉಬ್ಬಾಗುತ್ತೆ,
ಬಾಗಿಸಿದ ಭಾರವೇ ಕೂತು ಕೂತು ನೆಟ್ಟಗೆ ಮಾಡುತ್ತೆ.
ಹತ್ತು ನಿಮಿಷದ ಕೆಲಸ.
ಪುಸ್ತಕ ಇಳಿಸಿಕೊಡಿ ಸಿಸ್ಟರ್, ಅಂದೆ.

ತಪ್ಪಿದ್ದು ಅಲ್ಲೇ.

ಮೊದಲನೆಯದನ್ನು ಇಳಿಸಿದರು, ಸೆರಗಲ್ಲಿ ಒರೆಸಿದರು, ನೆಲಕ್ಕಿಟ್ಟರು.
ಎರಡನೆಯದನ್ನು ತೆರೆದರು.
ನಿಂತೇ ಒಂದು ಪುಟ. ಕಿಟಕಿಗೆ ಒರಗಿ ಇನ್ನೊಂದು.
ಆಮೇಲೆ ಕಾಲು ಚಾಚಿ ಕೂತೇಬಿಟ್ಟರು,
ರಾತ್ರಿಯೆಲ್ಲ ನಿಂತ ಕಾಲು, ಬಾತಿತ್ತು.
ನಾನು ಕೊಡತಿ ಹಿಡಿದು ಕಾದೆ.
ಒಮ್ಮೆ ನಕ್ಕರು, ನನ್ನ ನೋಡಿ ಅಲ್ಲ.
ಒಮ್ಮೆ, ಅಯ್ಯೋ ಇದು ನನ್ನ ಹತ್ತಿರ ಇತ್ತಾ, ಅಂದರು,
ಕಳೆದುಹೋದ ಮಗು ಸಂತೆಯಲ್ಲಿ ಸಿಕ್ಕ ಹಾಗೆ.
ಒಮ್ಮೆ ಏನೂ ಅನ್ನದೆ ಬೆರಳು ಇಟ್ಟುಕೊಂಡು
ಬಹಳ ಹೊತ್ತು ಕಿಟಕಿಯಾಚೆ ನೋಡಿದರು,
ಅಲ್ಲಿದ್ದದ್ದು ಎದುರುಮನೆಯ ಸಿಂಟೆಕ್ಸ್ ಟ್ಯಾಂಕು ಮಾತ್ರ.

ಗಂಟೆ ಒಂದಾಯಿತು.
ನಲವತ್ತೆಂಟರಲ್ಲಿ ಇಳಿದದ್ದು ಒಂಬತ್ತು.
ಚಹಾ ನಾನೇ ಕಾಸಿದೆ.
ಅಕ್ಕಿ ಡಬ್ಬ ಸಿಕ್ಕಿತು, ವಾಷಿಂಗ್ ಮೆಷಿನ್ ಮೇಲೆ.

ನಾಳೆ ಬರ್ತೀನಿ ಅಂದೆ. ಹೂಂ ಅಂದರು, ಪುಟ ತಿರುಗಿಸಿ.
ಲೋಟ ಹತ್ತಿರ ಇಟ್ಟು ಕಪಾಟಿನೆದುರು ಬಗ್ಗಿದೆ.
ಅಂಚೆಲ್ಲ ಕೆಂಪಗೆ ಮಾಗಿದೆ,
ಆ ಒಂಬತ್ತು ನಿಂತಿದ್ದ ಕಡೆ ಮಾತ್ರ ಹಲಸು
ಸಾಮಿಲ್ಲಿನಿಂದ ಈಗಷ್ಟೇ ಇಳಿಸಿದ ಹಾಗೆ ಹಳದಿ.
ಟೇಪು ಹಿಡಿದೆ, ಸುಮ್ಮನೆ, ಅಭ್ಯಾಸ.
ಐದೂವರೆ.