ಅಂಚು

ಬೆನ್ನು ಮುರಿದು ಬಂದಿದೆ ಕಾಲೇಜಿನ ಪುಸ್ತಕ
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ನನ್ನ ಅಂಗಡಿಗೆ.
ದೊರೆಯಾಗುವುದು ಹೇಗೆ, ಆದಮೇಲೆ ಉಳಿಯುವುದು ಹೇಗೆ,
ಕೆಲಸ ಕಳಕೊಂಡ ಯಾವನೋ ಕಾರಭಾರಿ
ಎಂದೋ ಬರೆದದ್ದಂತೆ.
ನಾನು ಓದಿದ್ದು ಅಂಚು ಮಾತ್ರ.

ಹಸಿರು ಇಂಕು, ಸಹಿ ಸಮೇತ, ಲಕ್ಕಪ್ಪ ವಕೀಲರು:
‘ಇದ್ದದ್ದು ಇದ್ದ ಹಾಗೆ ಹೇಳಿದ್ದಾನೆ.
ಕನ್ನಡಿಗೆ ಬೈದರೆ ಮೂಗು ನೆಟ್ಟಗಾಗುತ್ತದೆಯೆ?’
ಕೆಳಗೆ ಪೆನ್ಸಿಲ್ಲು, ತಾರಾಮತಿ ಮೇಡಂ:
‘ದೊರೆಗೆ ಹೇಳುವ ನೆಪದಲ್ಲಿ ಊರಿಗೆ ಕೇಳಿಸುತ್ತಿಲ್ಲವೆ?
ಕನ್ನದ ಪಾಠ, ಮನೆಯವರು ಓದಲೆಂದು.’
ಹಸಿರು: ‘ಹಾಗಾದರೆ ಅರ್ಪಣೆ ಯಾರಿಗೆ? ಪುಟ ಮೂರು.’
ಪೆನ್ಸಿಲ್ಲು: ‘ನೋಡಿದೆ. ಮಗಳಿಗೆ ಬೈದರೆ
ಬುದ್ಧಿ ಬರಬೇಕಾದ್ದು ಯಾರಿಗೆ?’

ಅರವತ್ತೆರಡನೇ ಪುಟದಲ್ಲಿ, ‘ಭಯ’ದ ಪಕ್ಕ,
ಮೂರನೆಯವರದು, ಬರೀ ಒಂದು ಎಣ್ಣೆ ಹೆಬ್ಬೆಟ್ಟು.
ಒಪ್ಪಿದ್ದೋ, ಓದು ಅಲ್ಲೇ ನಿಂತದ್ದೋ.

ಮೈದಾ ಅಂಟು ಬೆಂದಿದೆ, ಹುಳ ಹತ್ತದಿರಲೆಂದು
ಚಿಟಿಕೆ ಮೈಲುತುತ್ತ.
ಲೈಬ್ರರಿಯ ಚೀಟಿ: ಮೂರೂ ಬದಿ ಅರ್ಧ ಅಂಗುಲ
ಕತ್ತರಿಸಿ ಚೊಕ್ಕಟ ಮಾಡಿ.

ಅರ್ಧ ಅಂಗುಲ ಹೋದರೆ
ವಕೀಲರ ವಾಕ್ಯಗಳಿಗೆ ಕ್ರಿಯಾಪದ ಇರುವುದಿಲ್ಲ,
ಮೇಡಂ ಪ್ರಶ್ನೆಗಳು ಕೊಕ್ಕೆ ಕಳಚಿ
ತೀರ್ಪುಗಳಾಗುತ್ತವೆ.
ಹೆಬ್ಬೆಟ್ಟು ಪೂರ್ತಿ ಕಸದ ಬುಟ್ಟಿಗೆ.
ನಡುವೆ ದೊರೆ ಮಾತ್ರ ಕ್ಷೇಮ.

ಅಬ್ಬಾ ಕಲಿಸಿದ್ದು ಕೈಯಲ್ಲಿತ್ತು.
ಬರೆದ ಹಾಳೆಗಳ ಅಂಚು ಒಳಕ್ಕೆ ಮಡಚಿದೆ,
ಬರೆಯದವನ್ನಷ್ಟೇ ಅಲಗಿಗೆ ಕೊಟ್ಟೆ.
ನಲವತ್ತೊಂದು ಮಡಿಕೆ.
ಪುಸ್ತಕ ಒಂದು ಮಗ್ಗುಲಿಗೆ ಊದಿಕೊಂಡಿತು.

ಬಿಲ್ಲು: ಕೂಲಿ ನೂರಿಪ್ಪತ್ತು.
ಷರಾ: ಸರಿಯಾಗಿ ಮುಚ್ಚುವುದಿಲ್ಲ.
ಸಹಿ, ಜಬೀನಾ, ಬೈಂಡರ್.