ಎಪ್ಪತ್ತು, ಐವತ್ತು

ಅಂಟಿಸಿದವನೂ ನಾನೇ, ಈಗ ಸುಲಿಯುವವನೂ ನಾನೇ.
ಗೋಣಿಕೊಪ್ಪದಲ್ಲಿ ನನ್ನ ಶೆಟರ್ ಎತ್ತಿದರೆ ಸಿಗುವುದು
ಸೋಪುನೀರು, ರಬ್ಬರ್ ಪಟ್ಟಿ, ಬ್ಲೇಡು,
ತಂಗಿ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಹೇರ್ ಡ್ರೈಯರ್.
ಕೈಲ್ ಮುಹೂರ್ತಕ್ಕೆ ಊರು ಕೋವಿಗೆ ಹೂವಿಟ್ಟರೆ
ನಾನು ಇವಕ್ಕೆ ಇಡುತ್ತೇನೆ.

ಆನೆಚೌಕೂರು ಗೇಟಿನ ರೇಚಣ್ಣನಿಗೆ ಕಾನೂನು ಬಾಯಿಪಾಠ:
ಮುಂದಿನದು, ಹಿಂದಿನದು ನೂರಕ್ಕೆ ಎಪ್ಪತ್ತು ಬೆಳಕು ಬಿಡಬೇಕು,
ಪಕ್ಕದವು ಐವತ್ತು.
ಮಗ್ಗಿ ಒಪ್ಪಿಸಿದ ಹಾಗೆ ಹೇಳಿ ಲಾಠಿಯಲ್ಲಿ ಗಾಜು ತಟ್ಟುತ್ತಾನೆ.
"ಮಂಜಿಗೆ ಯಾಕಣ್ಣ ದಂಡ ಇಲ್ಲ? ಅದು ಹತ್ತೂ ಬಿಡಲ್ಲ" ಅಂದರೆ
"ಅದು ಒಂಬತ್ತಕ್ಕೆ ತಾನೇ ಸುಲ್ಕೊಳ್ಳುತ್ತೆ ಕಣೋ" ಅನ್ನುತ್ತಾನೆ.

ಪಳಂಗಪ್ಪನವರ ಜೀಪು ಸಿಕ್ಕಿಬಿದ್ದದ್ದು ಅಲ್ಲೇ.
ಮೀಟರ್ ಹೇಳಿತು ಹದಿನೆಂಟು.
ದಂಡದ ಚೀಟಿ ನನ್ನ ವಾಟ್ಸಾಪಿಗೆ ಬಂತು, ಒಂದು ಮಾತೂ ಇಲ್ಲದೆ.

ಹಣ್ಣು ಕುಯ್ಯುವ ಕಾಲ. ಕಣದ ಅಂಚಿನಲ್ಲಿ ಜೀಪು,
ಅದರ ಮುಂದೆ ತಕ್ಕಡಿ, ತಕ್ಕಡಿಯ ಪಕ್ಕ ರೈಟರ್,
ಚೀಲ ಹೊತ್ತ ಹೆಂಗಸರ ಸಾಲು.
ಪಲ್ಪರ್ ಮನೆಯಿಂದ ನಾನು ವೈರ್ ಎಳೆದು ತರುವಷ್ಟರಲ್ಲಿ
ಬೊಳಚಿ ಕರಿಗಾಜಿಗೆ ಬಾಗಿ
ಕತ್ತಿನಿಂದ ಚಗಳಿ ಇರುವೆ ಹೆಕ್ಕುತ್ತಿದ್ದಳು,
ಒಂದು, ಇನ್ನೊಂದು,
ಆಮೇಲೆ ನೆನಪಾಗಿ, ಸೆರಗು ಸರಿಮಾಡಿ ಹಿಂದೆ ಸರಿದಳು.
ಒಳಗೆ ದೊರೆ ಇರಬಹುದು.
ನಾಲ್ಕು ವರ್ಷದಿಂದ ಇರಬಹುದು.
ಮುಳ್ಳು ನಲವತ್ತೆರಡಕ್ಕೆ ನಿಂತರೂ ರೈಟರ್ ನಲವತ್ತು ಬರೆಯುವಾಗ
ಯಾರೂ ತುಟಿಬಿಚ್ಚದೆ ಇದ್ದದ್ದು ಆ ಗಾಜಿಗೆ ಹೆದರಿ.

ಬಿಸಿಗಾಳಿ ಬಿಟ್ಟೆ. ಮೂಲೆ ಎದ್ದಿತು.
ಹಾವು ಪೊರೆ ಬಿಟ್ಟ ಹಾಗೆ ಅನ್ನೋಣವೆಂದರೆ
ಹಳೇ ಫಿಲಂ ಅಷ್ಟು ಮರ್ಯಾದೆಯಿಂದ ಬರುವುದಿಲ್ಲ,
ತುಂಡು ತುಂಡಾಗಿ, ಅಂಟು ಉಳಿಸಿ, ಉಗುರು ತಿಂದು ಬರುತ್ತದೆ.
ಸಾಲು ಒಳಗೆ ಇಣುಕಿತು.
ಅರ್ಧ ಚೀಲ ಯೂರಿಯಾ. ನಾಯಿಯ ಕೂದಲು.
ಕಡ್ಡಿ ಮುರಿದ ಕೊಡೆ.

ಬೊಳಚಿ ಚೀಲವನ್ನು ಮತ್ತೆ ತಕ್ಕಡಿಗೆ ಏರಿಸಿ
"ಇನ್ನೊಂದ್ಸಲ ಓದು" ಅಂದಳು ರೈಟರಿಗೆ.

ನಾನು ಹೊರಡುವಾಗ ಬಂದು ಒಂದು ತುಂಡು ಕೇಳಿದಳು,
ಲೈನ್ ಮನೆಯ ಕಿಟಕಿಗೆ;
ಕಣದ ದೀಪ ರಾತ್ರಿಯಿಡೀ ಮುಖಕ್ಕೇ ಹೊಡೆಯುತ್ತದಂತೆ.
"ಅದಕ್ಕೆಷ್ಟು ಬೆಳಕು ಬಿಡಬೇಕು ಅಂತ ಕಾನೂನಿದೆಯಾ?"
ರೇಚಣ್ಣ ಆ ಮಗ್ಗಿ ನನಗೆ ಹೇಳಿಕೊಟ್ಟಿಲ್ಲ.
"ಗಾಜಿದ್ದರೆ ತಾನೇ ಅಂಟೋದು" ಅಂದೆ.
"ಗಾಜೆಲ್ಲಿ" ಅಂದಳು,
ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.